ರಾತ್ರಿ ಹೊತ್ತು ಯಾರನ್ನು ಕರೆಯಬೇಕು ಎಂಬ ಬಗ್ಗೆ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಮುಖ್ಯಾಧಿಕಾರಿಗಳು,
ಪಟ್ಟಣ ಪಂಚಾಯಿತಿ ಕಾರ್ಯಾಲಯ.

ಇಂದ,
ಹೊಳೆಬದಿ ಕೇರಿಯ ನಿವಾಸಿಗಳು.



ವಿಷಯ: ಮನೆ, ಅಂಗಳ, ಬಚ್ಚಲು ಹಾಗೂ ಬೀದಿಗೆ ಬರುವ ಮಂಗ, ಹಾವು, ಬೀಡಾಡಿ ದನ, ಬೀದಿನಾಯಿಗಳಿಂದ ಆಗುತ್ತಿರುವ ತೊಂದರೆ ಮತ್ತು ಅಂಥ ಹೊತ್ತಿನಲ್ಲಿ ಹೊಣೆ ಹೊರುವವರನ್ನು ಗೊತ್ತುಪಡಿಸುವ ಬಗ್ಗೆ.

ಮೇಲ್ಕಂಡ ವಿಷಯದ ಬಗ್ಗೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಕೇರಿಯಲ್ಲಿ ನಲವತ್ತು ಚಿಲ್ಲರೆ ಮನೆಗಳಿವೆ. ಮುಂದೆ ಹೊಳೆ, ಹಿಂದೆ ಕಾನು, ವರ್ಷದಲ್ಲಿ ಐದು ತಿಂಗಳು ಮಳೆ. ಇಂಥ ಕಡೆ ಮನೆ ಕಟ್ಟಿಕೊಂಡು ಮಂಗ ಬಂತು, ಹಾವು ಬಂತು ಎಂದು ಕಚೇರಿ ಮೆಟ್ಟಿಲು ಹತ್ತುವುದು ಮರ್ಯಾದೆಯಲ್ಲ ಎಂದು, ಈ ಪತ್ರದ ಮಾತು ಮೊದಲ ಸಲ ಎತ್ತಿದಾಗ ಕೇರಿಯ ಹಿರಿಯರೊಬ್ಬರು ಗದರಿದ್ದರು. ಈಗ ಸಹಿ ಹಾಳೆಯಲ್ಲಿ ಮೊದಲ ಸಹಿ ಅವರದೇ. ಅದು ಹೇಗಾಯಿತು ಎಂಬಲ್ಲಿಂದಲೇ ಶುರು ಮಾಡುತ್ತೇವೆ.

ಕಳೆದ ಆಷಾಢದ ಒಂದು ರಾತ್ರಿ, ಒಂಬತ್ತೂವರೆ ಹೊತ್ತು. ಕರೆಂಟು ಹೋಗಿ ಮೂರನೇ ದಿನ. ಹಿರಿಯರು ತೋಟದಿಂದ ನೆನೆದು ಬಂದಿದ್ದರಿಂದ ಅವರ ಸೊಸೆ ಹಂಡೆಯ ಒಲೆಗೆ ಬೆಂಕಿ ಹಾಕಲು ಬಚ್ಚಲಿಗೆ ಹೋದರು. ಒಲೆಯ ಪಕ್ಕದಲ್ಲಿ ಒಣಗಲೆಂದು ಒಟ್ಟಿದ ಅಡಿಕೆ ಹಾಳೆ, ತೆಂಗಿನ ಸೋಗೆ, ಕಟ್ಟಿಗೆ. ಒಂದು ಹಾಳೆ ಎಳೆದರೆ ಅದರಡಿಯ ಹಾಳೆಯೂ ತಾನಾಗಿ ಸರಿಯಿತು. ಬ್ಯಾಟರಿ ಬಿಟ್ಟು ನೋಡಿದರೆ ಮುಂಗೈ ದಪ್ಪದ ಮೈ ಮಾತ್ರ ಕಂಡಿತು; ತಲೆ ಎಲ್ಲಿದೆಯೋ ಬಾಲ ಎಲ್ಲಿದೆಯೋ ತಿಳಿಯಲಿಲ್ಲ. ಕೇರಿಯವರೆಲ್ಲ ಸೇರಿದೆವು. ಕೆರೆಹಾವು ಎಂದರು ಒಬ್ಬರು. ಕೊಳಕುಮಂಡಲ, ಸಂಶಯವೇ ಇಲ್ಲ ಎಂದರು ಇನ್ನೊಬ್ಬರು. ಕಾಳಿಂಗದ ಮರಿ ಇರಬಹುದು ಎಂದು ಮೂರನೆಯವರು ಹೇಳಿದ ಮೇಲೆ ಬಚ್ಚಲಿನ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿ ಎಲ್ಲರೂ ಜಗಲಿಗೆ ಬಂದೆವು.

ಆಮೇಲೆ ಫೋನು. ಮೊದಲು ಕರೆದ ಕಡೆ, ಪಟ್ಟಣದ ಒಳಗಾದರೆ ನಮಗೆ ಬರುವುದಿಲ್ಲ, ಪಂಚಾಯಿತಿಗೆ ಹೇಳಿ ಎಂದರು. ಎರಡನೆಯ ಕಡೆ, ಹಾವು ಎಂದರೆ ವನ್ಯಜೀವಿ, ನಮ್ಮ ಕೈಯಲ್ಲೇನಿದೆ ಎಂದರು. ಮೂರನೆಯ ಕಡೆ, ಬೆಂಕಿ ಏನಾದರೂ ಬಿದ್ದಿದೆಯೇ ಎಂದು ಕೇಳಿದರು. ಒಲೆಗೆ ಹಾಕುವ ಮೊದಲೇ ಹಾವು ಕಂಡಿದ್ದರಿಂದ ಬಿದ್ದಿಲ್ಲ ಎಂದು ಸತ್ಯವನ್ನೇ ಹೇಳಿದೆವು. ನಾಲ್ಕನೆಯ ನಂಬರು ಸ್ವಿಚ್ ಆಫ್. ಕೊನೆಗೆ ಯಾರದೋ ಷಡ್ಡಕನ ಪರಿಚಯದ ಮೇಲೆ, ಹಗಲು ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ 22 ಕಿಲೋಮೀಟರ್ ದೂರದಿಂದ ಮಳೆಯಲ್ಲೇ ಬೈಕು ಹೊಡೆದುಕೊಂಡು ಬಂದಾಗ ಹನ್ನೆರಡೂವರೆ. ಹಾಳೆಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಕೆರೆಹಾವೇ. ಇಲಿ ನುಂಗಿ ಬೆಚ್ಚಗೆ ಮಲಗಿತ್ತು. ಚೀಲಕ್ಕೆ ಹಾಕಿಕೊಂಡು, ಒಂದು ಲೋಟ ಕಾಫಿ ಕುಡಿದು, ಪೆಟ್ರೋಲಿಗೆ ಕೊಟ್ಟ ದುಡ್ಡನ್ನೂ ಬೇಡವೆಂದು ಹೊರಟ. ಸ್ನಾನಕ್ಕೆಂದು ಪಂಚೆ ಸುತ್ತಿಕೊಂಡು ಮೂರು ಗಂಟೆ ಜಗಲಿಯಲ್ಲಿ ನಡುಗುತ್ತ ಕೂತಿದ್ದವರು ಮೇಲೆ ಹೇಳಿದ ಹಿರಿಯರು. ಮರುದಿನ ಬೆಳಿಗ್ಗೆ ಪೆನ್ನು ಕೇಳಿ ಪಡೆದರು.

ಅಂದು ಕೆರೆಹಾವು, ಸರಿ. ನಮ್ಮ ಸೀಮೆಯಲ್ಲಿ ಯಾವಾಗಲೂ ಅದೇ ಬರಬೇಕೆಂದಿಲ್ಲ. ಆಗುಂಬೆಯಲ್ಲಿ ಕಾಳಿಂಗಗಳ ಅಧ್ಯಯನ ಮಾಡುವ ಕೇಂದ್ರವೊಂದು 2005ರಿಂದ ನಡೆಯುತ್ತಿರುವುದು ತಮಗೂ ಗೊತ್ತಿದೆ. ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗಾಗಿ ತಯಾರಾಗುವಂಥದ್ದು, ಕಾಳಿಂಗದ ವಿಷಕ್ಕಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಕಚ್ಚಿದ ಮೇಲೆ ವರದಿ ಬರೆಯಲು ವ್ಯವಸ್ಥೆಯಾಯಿತು, ಸಂತೋಷ. ಕಚ್ಚುವ ಮೊದಲು ಬರುವವರು ಯಾರು? ಆದ್ದರಿಂದ ನಮ್ಮ ಮೊದಲ ಬೇಡಿಕೆ: ಹಾವು ಹಿಡಿಯಲು ತರಬೇತಿ ಪಡೆದ ಇಬ್ಬರನ್ನಾದರೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಪಂಚಾಯಿತಿಯೇ ಗೊತ್ತುಮಾಡಬೇಕು. ಅವರಿಗೆ ಕೊಕ್ಕೆ, ಚೀಲ, ಗಮ್‌ಬೂಟು, ಪೆಟ್ರೋಲು ಖರ್ಚು ಮತ್ತು ವಿಮೆ ಕೊಡಬೇಕು. ಗ್ಯಾರೇಜಿನ ಹುಡುಗನ ಒಳ್ಳೆಯತನದ ಮೇಲೆ ಒಂದಿಡೀ ಪಟ್ಟಣ ಮಲಗಿ ನಿದ್ದೆ ಮಾಡುತ್ತಿರುವುದು ನಮಗೆ ನಾಚಿಕೆಯ ವಿಷಯ.

ಇನ್ನು ಮಂಗಗಳು. ಇವುಗಳ ಬಗ್ಗೆ ಬರೆಯಹೊರಟರೆ ಹಾಳೆ ಸಾಲದು. ನಮ್ಮ ಹೆಚ್ಚಿನ ಮನೆಗಳು ಮಂಗಳೂರು ಹಂಚಿನವು. ಹಿಂಡು ಮಾಡಿನ ಮೇಲೆ ಒಮ್ಮೆ ಓಡಿದರೆ ಏಳೆಂಟು ಹಂಚು ಹೋಯಿತು. ಹಳೆಯ ಅಚ್ಚಿಗೆ ಹೊಂದುವ ಹಂಚು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಯಾರಾದರೂ ಮನೆ ಕೆಡವುವುದನ್ನು ಕಾಯಬೇಕು. ಜೂನ್ ಬಂದರೆ ಕೇರಿಯಲ್ಲಿ ನೀಲಿ ಟಾರ್ಪಾಲು ಕಾಣದ ಮಾಡು ಕಡಿಮೆ. ಮೂಲೆಮನೆಯ ಅಜ್ಜಿ ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟಿದ್ದರು. ಗಡವ ಗಂಟನ್ನು ಹರಿಯಲಿಲ್ಲ, ಕೂತು ಬಿಚ್ಚಿತು. ಒಂದು ಮಿಡಿ ಕಚ್ಚಿ, ಮುಖ ಕಿವುಚಿ, ಎಸೆಯಿತು. ಮುಂದಿನ ಮಿಡಿಯಾದರೂ ಸಿಹಿಯಿರಬಹುದೆಂದು ಅದನ್ನೂ ಕಚ್ಚಿ ಎಸೆಯಿತು. ಹೀಗೆ ಭರಣಿ ಮುಗಿಯುವವರೆಗೂ ಅದರ ನಂಬಿಕೆ ಕುಂದಲಿಲ್ಲ. ಅಜ್ಜಿ ಕೋಲು ಹಿಡಿದು ನಿಂತಿದ್ದರು, ಆದರೆ ಅದು ಹಲ್ಲು ತೋರಿಸಿದ್ದರಿಂದ ಒಳಗಿನಿಂದ ಕಿಟಕಿಯ ಸರಳು ಹಿಡಿದು ನೋಡುವುದಷ್ಟೇ ಉಳಿಯಿತು. ಇಡೀ ವರ್ಷದ ಉಪ್ಪಿನಕಾಯಿ ಹೋಯಿತೆನ್ನುವುದು ಸಣ್ಣ ಸಂಗತಿ ಎಂದು ತಮಗೆ ತೋರಿದರೆ, ದಯವಿಟ್ಟು ಅಜ್ಜಿಯ ಎದುರು ಹಾಗೆ ಹೇಳಬಾರದಾಗಿ ಕೋರಿಕೆ.

ನಾವು ಕೈಕಟ್ಟಿ ಕೂತಿಲ್ಲ. ಗರ್ನಾಲು ಹೊಡೆದು ನೋಡಿದ್ದೇವೆ. ಮೂರನೇ ದಿನ ಅವಕ್ಕೆ ಅಭ್ಯಾಸವಾಯಿತು, ಪಕ್ಕದ ಮನೆಯ ಕೂಸಿಗೆ ಆಗಲಿಲ್ಲ. ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿಯನ್ನು 2019ರಲ್ಲಿ ದೇಶವೇ ಓದಿತು. ನಮ್ಮ ಕೇರಿಯ ಒಂದು ನಾಯಿಗೂ ಬಳಿದೆವು. ಮೊದಲ ದಿನ ಮಂಗಗಳು ಮರದ ಮೇಲಿಂದ ನೋಡಿದವು, ಎರಡನೇ ದಿನ ಹುಲಿಯ ತಟ್ಟೆಯ ಅನ್ನವನ್ನೇ ತಿಂದವು. ಮಂಗಗಳಿಗೆ ಪ್ರತ್ಯೇಕ ಪಾರ್ಕು ಮಾಡುವ ಮಾತೂ ಅದೇ ಕಾಲದಲ್ಲಿ ಜಿಲ್ಲೆಯಲ್ಲಿ ಬಹಳ ಕೇಳಿಬಂದಿತ್ತು. ಅದರ ಬಗ್ಗೆ ನಾವು ಏನನ್ನೂ ಕೇಳುತ್ತಿಲ್ಲ. ಹಿಡಿದು ಬೇರೆಡೆ ಬಿಡಿ ಎಂದೂ ಕೇಳುತ್ತಿಲ್ಲ. ಯಾವುದೋ ಊರಿನಲ್ಲಿ ಹಿಡಿದವನ್ನು ರಾತ್ರಿ ಹೊತ್ತು ನಮ್ಮ ಘಾಟಿ ತಿರುವಿನಲ್ಲಿ ಇಳಿಸಿಹೋಗುವುದನ್ನು ಕಣ್ಣಾರೆ ಕಂಡಿದ್ದೇವೆ. ಕಾನಿನ ಮಂಗ ಬಾಗಿಲು ತೆರೆದಿದ್ದರೆ ಬರುತ್ತದೆ. ಹಾಗೆ ಬಂದಿಳಿದವು ಚಿಲಕ ತೆಗೆಯುತ್ತವೆ, ಫ್ರಿಜ್ಜಿನ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಅವಕ್ಕೆ ಗೊತ್ತು. ನಮ್ಮ ಕಷ್ಟವನ್ನು ಇನ್ನೊಂದು ಊರಿಗೆ ಲಾರಿಯಲ್ಲಿ ಕಳಿಸಲು ನಮಗೆ ಮನಸ್ಸಿಲ್ಲ. ಎರಡನೇ ಬೇಡಿಕೆ ಇಷ್ಟೇ: ಹಾಗೆ ತಂದು ಬಿಡುವ ವಾಹನಗಳ ಮೇಲೆ ಘಾಟಿಯ ತಪಾಸಣೆ ಗೇಟಿನಲ್ಲಿ ಕಣ್ಣಿಡುವಂತೆ ಸಂಬಂಧಪಟ್ಟವರಿಗೆ ಪಂಚಾಯಿತಿಯಿಂದ ಬರೆಯಬೇಕು.

ಮಂಗ ಬದುಕಿದ್ದಾಗ ನಗುತ್ತೇವೆ, ಸತ್ತಾಗ ನಗುವ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆ ಗೊತ್ತಾದದ್ದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಜನ ಪಟ್ಟ ಪಾಡು ಇನ್ನೂ ಹಸಿಯಾಗಿದೆ. ಕಾಯಿಲೆ ಹರಡುವುದು ಉಣುಗಿನಿಂದ. ಮಂಗ ಸತ್ತ ಜಾಗದಲ್ಲಿ ಉಣುಗುಗಳು ಅದರ ಮೈ ಬಿಟ್ಟು ಹೊಸ ಮೈ ಹುಡುಕುತ್ತವೆ. ಹೋದ ಫೆಬ್ರವರಿಯಲ್ಲಿ ನಮ್ಮ ಕೇರಿಯ ಸಾರ್ವಜನಿಕ ಬಾವಿಯ ಕಟ್ಟೆಯ ಪಕ್ಕ ಮಂಗವೊಂದು ಸತ್ತು ಬಿದ್ದಿತ್ತು. ಬೆಳಿಗ್ಗೆ ಏಳಕ್ಕೆ ಫೋನು ಮಾಡಿದೆವು. ಸಂಜೆ ಐದರವರೆಗೂ ಅದು ಅಲ್ಲೇ ಇತ್ತು, ಯಾರೋ ಅದರ ಮೇಲೆ ಒಂದು ಹರಕು ಗೋಣಿ ಹೊದಿಸಿದ್ದರು. ಶಾಲೆಯಿಂದ ಬಂದ ಮಕ್ಕಳು ಗೋಣಿ ಎತ್ತಿ ನೋಡಿದರು. ಸತ್ತ ಮಂಗವನ್ನು ಅದೇ ದಿನ, ತಿಳಿದವರ ಕೈಯಿಂದ ತೆಗೆಸಿ, ಜಾಗಕ್ಕೆ ಔಷಧದ ಪುಡಿ ಎರಚಿ, ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂಬುದು ನಮ್ಮ ಮೂರನೇ ಬೇಡಿಕೆ. ಉಳಿದ ಎಲ್ಲ ಬೇಡಿಕೆಗಳನ್ನು ತಾವು ಬದಿಗಿಟ್ಟರೂ ಇದನ್ನು ಇಡಬಾರದು.

ದನಗಳ ವಿಚಾರ. ಮಳೆಗಾಲದ ರಾತ್ರಿ ಟಾರು ರಸ್ತೆ ಬೆಚ್ಚಗಿರುತ್ತದೆ, ನುಸಿ ಕಡಿಮೆ. ಹಾಗಾಗಿ ದನ ಎಮ್ಮೆಗಳು ರಸ್ತೆಯ ನಡುವೆಯೇ ಮೆಲುಕು ಹಾಕುತ್ತ ಮಲಗುತ್ತವೆ. ಸೇತುವೆ ಇಳಿದ ಕೂಡಲೆ ತಿರುವಿದೆ, ತಿರುವಿನಲ್ಲಿ ದೀಪವಿಲ್ಲ. ಕಪ್ಪು ರಸ್ತೆ, ಕಪ್ಪು ಎಮ್ಮೆ, ಅಂಚೆಯಣ್ಣನ ಸ್ಕೂಟರು: ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಅಂಚೆಯಣ್ಣನ ಕೈಗೆ ಆರು ವಾರ ಪಟ್ಟಿ ಇತ್ತು, ಎಮ್ಮೆ ಎದ್ದು ನಿಂತು ಒಮ್ಮೆ ಬಾಲ ಬೀಸಿತಂತೆ. ಸಂತೆ ಮೈದಾನದ ಹಿಂದೆ ಹಿಂದಿನವರು ಕಟ್ಟಿದ ದನದ ದೊಡ್ಡಿಯ ಕಲ್ಲುಕಂಬಗಳು ಇನ್ನೂ ಇವೆ. ಈಗ ಅಲ್ಲಿ ಕೆಟ್ಟುನಿಂತ ಕಸದ ಆಟೋಗಳು ಮಲಗಿವೆ. ದನದ ದೊಡ್ಡಿ ಪಟ್ಟಣದ ಆಡಳಿತಕ್ಕೆ ಸೇರಿದ ಕೆಲಸ ಎಂದು ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯೇ ಹೇಳುತ್ತದೆ; ದನಗಳ ಅತಿಕ್ರಮ ಪ್ರವೇಶದ ಬಗ್ಗೆ 1966ರದ್ದೇ ರಾಜ್ಯ ಕಾಯ್ದೆಯಿದೆ. ದೊಡ್ಡಿಯನ್ನು ಮತ್ತೆ ತೆರೆಯಬೇಕು, ನೆರಳು ನೀರು ಮೇವು ಇರಬೇಕು, ತಿರುವಿಗೆ ಒಂದು ದೀಪ ಬೇಕು.

ಬೀಡಾಡಿ ದನ ಎಂಬ ಹೆಸರೂ ಪೂರ್ತಿ ನಿಜವಲ್ಲ. ರಸ್ತೆಯಲ್ಲಿ ಮಲಗುವ ಎಷ್ಟೋ ದನಗಳ ಕಿವಿಯಲ್ಲಿ ಪಶುಪಾಲನಾ ಇಲಾಖೆ ಹಾಕಿದ ಹಳದಿ ಓಲೆಯಿದೆ, ಓಲೆಯಲ್ಲಿ 12 ಅಂಕಿಯ ಸಂಖ್ಯೆಯಿದೆ. ಸಂಖ್ಯೆ ಇದ್ದ ಮೇಲೆ ಯಜಮಾನರೂ ಇರಬೇಕು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಬರುವ ಬೀಡಾಡಿಗಳನ್ನು ನಾವು ಬಲ್ಲೆವು. ಟಿಲ್ಲರು ಬಂದ ಮೇಲೆ ಹೋರಿಕರುವಿಗೆ ಕೊಟ್ಟಿಗೆಯಲ್ಲಿ ಕೆಲಸವಿಲ್ಲ, ಹಿಂಡಿಯ ರೇಟು ಏರಿದೆ, ಗೋಮಾಳ ಉಳಿದಿಲ್ಲ. ಸಾಕುವವರ ಕಷ್ಟವೂ ನಮಗೆ ಗೊತ್ತಿರುವುದೇ. ಹಾಗಾಗಿ ಮೊದಲ ಸಲ ಸಿಕ್ಕ ದನದ ಯಜಮಾನರಿಗೆ ತಿಳುವಳಿಕೆ, ಎರಡನೇ ಸಲ ದಂಡ ಎಂದಾಗಲಿ. ರಾತ್ರಿ ಹೊಳೆಯುವ ಪಟ್ಟಿಯನ್ನು ಪಂಚಾಯಿತಿಯಿಂದ ಕೊಡಿಸಿದರೆ ಕೊರಳಿಗೆ ಕಟ್ಟುವ ಕೆಲಸವನ್ನು ಕೇರಿಯ ಹುಡುಗರು ಮಾಡುತ್ತಾರೆ. ಹಾಯುವ ಒಂದು ಹೋರಿಯನ್ನು ಮಾತ್ರ ತಮ್ಮ ಸಿಬ್ಬಂದಿಗೆ ಬಿಟ್ಟಿದ್ದೇವೆ.

ನಾಯಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲ ಊರಿನದೂ ಅದೇ ಕತೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಬೇಕಾದ್ದು ಸ್ಥಳೀಯ ಸಂಸ್ಥೆ. ಹೊಳೆದಂಡೆಗೆ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವುದು ನಿಲ್ಲದೆ ನಾಯಿ ಕಡಿಮೆಯಾಗುವುದಿಲ್ಲ ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು. ಕಚ್ಚಿದ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ಫಲಕವನ್ನು ಶಾಲೆಯ ಗೋಡೆಗೆ ಬರೆಸಿದರೆ ಉಪಕಾರ. ಈಗಲೂ ಮೆಣಸಿನಪುಡಿ ಹಚ್ಚುವವರಿದ್ದಾರೆ. ನಾಯಿಗಳು ಹೊತ್ತೊಯ್ದು ಬಿಟ್ಟ ಹನ್ನೊಂದು ಒಂಟಿ ಚಪ್ಪಲಿಗಳು ಟೈಲರ್ ಅಂಗಡಿಯ ಕಟ್ಟೆಯ ಮೇಲಿವೆ, ಅದು ದೂರಲ್ಲ, ಪ್ರಕಟಣೆ.

ದೂರಲ್ಲದ ಸಂಗತಿಗಳು ಬೇರೆಯೂ ಇವೆ. ಅಟ್ಟದಲ್ಲಿ ಕಬ್ಬೆಕ್ಕು ಮರಿ ಹಾಕಿದೆ, ಇರಲಿ. ನಿಲ್ಲಿಸಿದ ಕಾರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಜಗಳಕ್ಕಿಳಿಯುವ ನವಿಲು ಬೆಳಿಗ್ಗೆ ಎಂಟಕ್ಕೆ ಬಂದು ಒಂಬತ್ತಕ್ಕೆ ಹೋಗುತ್ತದೆ. ಕನ್ನಡಿಗೆ ಕಾಲುಚೀಲ ತೊಡಿಸಿದ್ದೇವೆ. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ತಮ್ಮ ಕಚೇರಿಗೆ ಎರಡು ಸಲ ದೂರು ಕೊಟ್ಟಿದ್ದ ಮನೆಯಲ್ಲಿ ಕಡೆಗೆ ಪೈಪಿನ ಬಾಗಿನಿಂದ ಕಪ್ಪೆ ಹೊರಬಿದ್ದಿದೆ. ಆ ದೂರನ್ನು ಈ ಮೂಲಕ ಹಿಂಪಡೆಯಲಾಗಿದೆ.

ಹಂಚಿಗೆ, ಉಪ್ಪಿನಕಾಯಿಗೆ ನಾವು ಪರಿಹಾರ ಕೇಳುತ್ತಿಲ್ಲ. ಕೊನೆಯದಾಗಿ ಕೇಳುತ್ತಿರುವುದು ಒಂದು ಫೋನ್ ನಂಬರು, ಒಂದು ರಿಜಿಸ್ಟರು. ಅರಣ್ಯ ಇಲಾಖೆಗೆ 1926 ಇದೆ, ಪಶುವೈದ್ಯಕ್ಕೆ 1962 ಇದೆ, ತುರ್ತಿಗೆ 112 ಇದೆ. ಕರು ಚರಂಡಿಗೆ ಬಿದ್ದರೆ ಯಾವುದು, ಮಂಗ ಸತ್ತರೆ ಯಾವುದು, ಎಮ್ಮೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗಿದರೆ ಯಾವುದು ಎಂದು ಕತ್ತಲಲ್ಲಿ ನಿಂತವರು ಯೋಚಿಸುವಂತಾಗಬಾರದು. ಕರೆ ಮೊದಲು ಪಂಚಾಯಿತಿಗೆ ಬರಲಿ. ರಾತ್ರಿ ಪಾಳಿಯಲ್ಲಿ ಒಬ್ಬರು ಅದನ್ನು ಎತ್ತಿಕೊಳ್ಳಲಿ. ಯಾವ ಇಲಾಖೆಗೆ ದಾಟಿಸಬೇಕೆಂಬುದು ಅವರ ತಲೆನೋವಾಗಲಿ. ಕರೆ ಬಂದ ಹೊತ್ತು, ಹೇಳಿದವರ ಮನೆ, ಹೋದವರು ಯಾರು, ಏನಾಯಿತು ಎಂದು ರಿಜಿಸ್ಟರಿನಲ್ಲಿ ಬರೆದಿಟ್ಟು ತಿಂಗಳ ಸಾಮಾನ್ಯ ಸಭೆಯಲ್ಲಿ ಓದಬೇಕು. ನಮಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಕೊಟ್ಟಿದ್ದರೆ ಅದನ್ನೂ ಬರೆಯಬೇಕು, ಹೊತ್ತಿನ ಸಮೇತ.

ಈ ಮನವಿಗೆ ಸ್ವೀಕೃತಿಯ ಮುದ್ರೆ ಹಾಕಿಕೊಟ್ಟು, ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕಾಗಿ ವಿನಂತಿ.



ತಮ್ಮ ವಿಶ್ವಾಸಿಗಳು,
ಹೊಳೆಬದಿ ಕೇರಿಯ ನಿವಾಸಿಗಳು

ಲಗತ್ತುಗಳು:
ಸಹಿ ಹಾಳೆ, ಮೂರು ಪುಟ. ಒಣಗಲೆಂದು ಕಿಟಕಿಯಲ್ಲಿಟ್ಟಿದ್ದ ಎರಡನೇ ಪುಟದ ಕೆಳಗಿನ ಅರ್ಧ ಈಗ ಹಲಸಿನ ಮರದ ಮೇಲಿದೆ. ಆ ಆರು ಮನೆಯವರು ಮತ್ತೆ ಸಹಿ ಹಾಕಿದ್ದಾರೆ.
ಸೇತುವೆಯ ತಿರುವಿನಲ್ಲಿ ಒಂದು ವಾರ ರಾತ್ರಿ ಮಲಗಿದ್ದ ದನಗಳ ಕಿವಿಯೋಲೆ ಸಂಖ್ಯೆಗಳು, ಒಂದು ಪುಟ. ಇವುಗಳಲ್ಲಿ ಎರಡು ನಮ್ಮ ಕೇರಿಯವೇ. ಅವುಗಳ ಯಜಮಾನರೂ ಸಹಿ ಹಾಕಿದ್ದಾರೆ.