ಇಬ್ಬರ ಜಗಳ, ಮೂರನೆಯವನಿಗೆ ಲಾಭ: ಎಷ್ಟು ದಿನ?

2016ರ ಸೆಪ್ಟೆಂಬರ್ ನೆನಪಿದೆಯಾ? ಜಿಯೋ ಬಂತು, 2017ರ ಮಾರ್ಚ್‌ವರೆಗೂ ಡೇಟಾ ಪುಕ್ಕಟೆ ಸಿಕ್ತು. ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯ್ತು. ನಾವೆಲ್ಲ ಖುಷಿಪಟ್ಟೆವು. ತಾಳಲಾರದೆ ಏರ್‌ಸೆಲ್ ಮುಚ್ಚಿತು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಈಗ 2024ಕ್ಕೆ ಬನ್ನಿ. ಜೂನ್ 27ರಂದು ಜಿಯೋ ದರ ಏರಿಸುವುದಾಗಿ ಹೇಳಿತು. ಮರುದಿನವೇ ಏರ್‌ಟೆಲ್ ಕೂಡ ಹೇಳಿತು. ಎರಡರ ಹೊಸ ದರವೂ ಜುಲೈ 3ರಿಂದಲೇ ಜಾರಿ.

ಇಬ್ಬರೂ ಕೂತು ಮಾತಾಡಿಕೊಂಡರು ಅಂತ ನಾನು ಹೇಳ್ತಿಲ್ಲ. ಮಾತಾಡೋ ಅಗತ್ಯವೇ ಇಲ್ಲ. ಯಾಕೆ ಅನ್ನೋದನ್ನು ಗೇಮ್ ಥಿಯರಿ ಎಂಬ ಲೆಕ್ಕಶಾಸ್ತ್ರ ಹೇಳುತ್ತದೆ. ನಮ್ಮ ಹೊಲದ ಉದಾಹರಣೆಯಲ್ಲೇ ನೋಡೋಣ.

ಊರಲ್ಲಿ ಬಾಡಿಗೆಗೆ ಎರಡೇ ಟ್ರ್ಯಾಕ್ಟರ್, ಹಂಗಾಮಿಗೆ 100 ಗಂಟೆ ಕೆಲಸ ಅಂತ ಇಟ್ಟುಕೊಳ್ಳಿ. ಡೀಸೆಲ್, ಡ್ರೈವರ್ ಸೇರಿ ಗಂಟೆಗೆ ಖರ್ಚು 600 ರೂಪಾಯಿ. ಇಬ್ಬರೂ 1,000 ರೂಪಾಯಿ ತಗೊಂಡರೆ ತಲಾ 50 ಗಂಟೆ ಕೆಲಸ, 20,000 ಲಾಭ. ಒಬ್ಬ 900ಕ್ಕೆ ಇಳಿಸಿದರೆ ಪೂರ್ತಿ 100 ಗಂಟೆ ಅವನಿಗೇ, ಲಾಭ 30,000. ಇನ್ನೊಬ್ಬನಿಗೆ ಸೊನ್ನೆ. ಅವನು ಸುಮ್ಮನಿರುತ್ತಾನಾ? ಅವನೂ 900 ಅಂತಾನೆ. ಈಗ ಇಬ್ಬರಿಗೂ ತಲಾ 15,000. ಹೀಗೇ ಇಳಿಸುತ್ತಾ ಹೋದರೆ ಕೊನೆಗೆ 600ಕ್ಕೆ ಬಂದು ಇಬ್ಬರ ಕೈಯೂ ಖಾಲಿ.

ಒಂದೇ ಸಲದ ಆಟವಾದರೆ ಕಥೆ ಇಲ್ಲಿಗೆ ಮುಗೀತು. ಆದರೆ ಮುಂದಿನ ವರ್ಷವೂ ಅದೇ ಇಬ್ಬರು, ಅದೇ ಊರು. 'ನಾನು ಇಳಿಸಿದರೆ ಅವನೂ ಇಳಿಸ್ತಾನೆ, ನಾನು ಏರಿಸಿದರೆ ಅವನೂ ಏರಿಸ್ತಾನೆ' ಅಂತ ಇಬ್ಬರಿಗೂ ಅರ್ಥವಾದ ದಿನ ಜಗಳ ನಿಲ್ಲುತ್ತದೆ. ಯಾರೂ ಯಾರಿಗೂ ಫೋನ್ ಮಾಡದೆಯೇ ಬಾಡಿಗೆ ಮತ್ತೆ 1,000 ಆಗುತ್ತದೆ, 1,200 ಕೂಡ ಆಗಬಹುದು.

ಅದಕ್ಕೇ ನನ್ನ ಅಭಿಪ್ರಾಯ: ಇಬ್ಬರ ದರಯುದ್ಧವನ್ನು ನಂಬಿಕೊಂಡು ಮೂರನೇ ದಾರಿಯನ್ನು ಮುಚ್ಚಬೇಡಿ. 2024ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ದರ ಏರಿಸಲಿಲ್ಲ. ಸಿಗ್ನಲ್ ಇದ್ದ ಕಡೆ ಎಷ್ಟೋ ಜನ ಅದಕ್ಕೆ ಹೋದರು. ಹೋಗಲು ಒಂದು ಜಾಗ ಇತ್ತು, ಅದೇ ಮುಖ್ಯ.

ನಮಗೆ ಆ ಜಾಗ ಯಾವುದು? ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರ, ರೈತ ಉತ್ಪಾದಕ ಕಂಪನಿಯ ಯಂತ್ರ, ನಾಲ್ಕು ಜನ ಸೇರಿ ಕೊಂಡ ರೋಟವೇಟರ್. ಖಾಸಗಿಯವರು ಪೈಪೋಟಿಯಲ್ಲಿ 50 ರೂಪಾಯಿ ಕಡಿಮೆ ಕೇಳಿದರು ಅಂತ ನಾವೆಲ್ಲ ಅತ್ತ ಓಡಿದರೆ, ಈ ಯಂತ್ರಗಳು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತವೆ. ಬಿತ್ತನೆಗೆ ಹದ ಬಂದ ದಿನ ಬಾಡಿಗೆ ಏರಿದಾಗ ಕೇಳೋಕೆ ಯಾರೂ ಇರಲ್ಲ.

ಈ ಹಂಗಾಮಿನಲ್ಲಿ ಒಂದು ಕೆಲಸ ಮಾಡಿ. ಮಳೆಗೆ ಮೊದಲೇ ಮೂರೂ ಕಡೆ ದರ ಕೇಳಿ. ಅಕ್ಕಪಕ್ಕದ ಹೊಲದವರು ಸೇರಿ ಒಟ್ಟಿಗೆ ಬುಕ್ ಮಾಡಿ, ಒಪ್ಪಿದ ದರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಸ್ವಲ್ಪ ಹೆಚ್ಚಾದರೂ ಒಂದೆರಡು ಗಂಟೆ ಕೆಲಸ ಆ ಮೂರನೆಯವರಿಗೆ ಕೊಡಿ. ಆ ಹೆಚ್ಚಿನ ದುಡ್ಡು ನಷ್ಟವಲ್ಲ, ಮುಂದಿನ ವರ್ಷದ ಬಾಡಿಗೆಗೆ ಹಾಕಿದ ಬೇಲಿ.