ತೆಗೆದ ಗಂಟನ್ನು ಎಸೆಯಬೇಡಿ

ಗಜೇಂದ್ರಗಡ ತಾಲ್ಲೂಕಿನ ಸೂಡಿಯನ್ನು ಜೋಡುಕಳಸದ ಗುಡಿಯಿಂದಲೂ ನಾಗಕುಂಡದಿಂದಲೂ ಬಲ್ಲವರು ಬಹಳ ಜನ. ನಮಗಾದರೋ ಆ ಊರಿನ ಹೆಸರು ಕೇಳಿದೊಡನೆ ಒಬ್ಬ ತಾಯಿಯ ಬಲ ಅಂಗಾಲು ಕಣ್ಣ ಮುಂದೆ ನಿಲ್ಲುತ್ತದೆ. ಆರೋಗ್ಯ ತಪಾಸಣೆಗೆಂದು ನಾವು ಅಲ್ಲಿಗೆ ಹೋಗಿದ್ದ ದಿನ, ಕಡಲೆ ಕೀಳುವ ಕೆಲಸ ಮುಗಿಸಿ ಬಂದ ಆಕೆ, "ಆಣಿ ಐತ್ರಿ, ಎರಡು ಸಲ ತೆಗಿಸೇನಿ, ಮತ್ತ ಬಂದೈತಿ" ಎಂದರು. ಅದು ಆಣಿಯಂತೆ ಗಟ್ಟಿಯಾಗಿರಲಿಲ್ಲ. ಕೆಂಪಗೆ, ತೇವವಾಗಿ, ಮುಟ್ಟಿದರೆ ರಕ್ತ ಜಿನುಗುವ ಗಂಟು. ಸುತ್ತಲೂ ಸಣ್ಣ ಅಗಳಿನಂಥ ತಗ್ಗು. ಎರಡು ಸಲ ಕೊಯ್ದು ತೆಗೆದಾಗಲೂ ಆ ತುಣುಕನ್ನು ಯಾರೂ ಪರೀಕ್ಷೆಗೆ ಕಳುಹಿಸಿರಲಿಲ್ಲ. ಅದು ಕಸದ ಬುಟ್ಟಿಗೆ ಹೋಗಿತ್ತು. ಮೂರನೆಯ ಸಲ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಬಂದ ಹೆಸರು ಪೋರೋಕಾರ್ಸಿನೋಮಾ, ಎಂದರೆ ಬೆವರುನಾಳದ ಕ್ಯಾನ್ಸರ್. ಆ ಹೊತ್ತಿಗೆ ತೊಡೆಸಂದಿನಲ್ಲಿಯೂ ಒಂದು ಗಡ್ಡೆ ಕೈಗೆ ಸಿಗುತ್ತಿತ್ತು.

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷದಷ್ಟು ಎಕ್ರೈನ್ ಬೆವರುಗ್ರಂಥಿಗಳಿವೆ. ಅಂಗೈ, ಅಂಗಾಲುಗಳಲ್ಲಿ ಅವು ಅತ್ಯಂತ ದಟ್ಟ. ಕಂಕುಳು, ತೊಡೆಸಂದುಗಳಲ್ಲಿ ಅಪೋಕ್ರೈನ್ ಎಂಬ ಬೇರೊಂದು ಬಗೆಯವು ಇದ್ದು, ಪ್ರಾಯಕ್ಕೆ ಬಂದ ಮೇಲೆ ಕೆಲಸ ಆರಂಭಿಸುತ್ತವೆ. ಇವೆರಡರಿಂದಲೂ ಗಂಟುಗಳು ಹುಟ್ಟುವುದುಂಟು. ಹೆಚ್ಚಿನವು ನಿರುಪದ್ರವಿ. ಕಣ್ಣಿನ ಕೆಳರೆಪ್ಪೆಯ ಮೇಲೆ ಸಾಸಿವೆಯಂತೆ ಕಾಣುವ ಸಿರಿಂಗೋಮಾಗಳಿಗೆ ಯಾರೂ ಹೆದರಬೇಕಾಗಿಲ್ಲ. ಸ್ಪೈರಡಿನೋಮಾ ನೋಯುತ್ತದೆ, ಅಷ್ಟೆ. ತಲೆಯ ಮೇಲೆ ಗೊಂಚಲಾಗಿ ಬೆಳೆಯುವ ಸಿಲಿಂಡ್ರೋಮಾ ಮಾತ್ರ ಒಂದೇ ಮನೆತನದ ಹಲವರಲ್ಲಿ ಕಂಡುಬಂದರೆ ವಂಶವಾಹಿಯ ದೋಷವನ್ನು ಸಂಶಯಿಸಬೇಕು. ಅದಕ್ಕೆ ಕಾರಣವಾದ ಸಿವೈಎಲ್‌ಡಿ ಎಂಬ ಜೀನ್ 2000ದಲ್ಲಿ ಪತ್ತೆಯಾಯಿತು. ಅಂಗಾಲಿನಲ್ಲಿ ಹೆಚ್ಚಾಗಿ ಕಾಣುವ ಪೋರೋಮಾವನ್ನು ಪಿಂಕಸ್ ಮತ್ತು ಸಂಗಡಿಗರು 1956ರಲ್ಲಿ ವರ್ಣಿಸಿದರು. ಅದೂ ನಿರುಪದ್ರವಿಯೇ. ಆದರೆ ಬಹುಕಾಲ ಉಳಿದ ಪೋರೋಮಾದಿಂದಲೇ ಕೆಲವೊಮ್ಮೆ ಪೋರೋಕಾರ್ಸಿನೋಮಾ ಹುಟ್ಟುತ್ತದೆ.

ಈ ಗಂಟುಗಳ ವರ್ಗೀಕರಣ ಒಂದು ದೊಡ್ಡ ಗೋಜಲು ಎಂಬುದನ್ನು ಒಪ್ಪುತ್ತೇವೆ. ಒಂದೇ ಗಂಟಿಗೆ ಬೇರೆ ಬೇರೆ ಗ್ರಂಥಗಳು ಮೂರು ನಾಲ್ಕು ಹೆಸರು ಕೊಟ್ಟಿವೆ. ಪೋರೋಮಾ ಎಕ್ರೈನ್ ಮೂಲದ್ದೆಂದೇ ದಶಕಗಳ ಕಾಲ ಬರೆದರು. ಅಪೋಕ್ರೈನ್ ಮೂಲದ್ದೂ ಇರಬಹುದೆಂದು ಈಗ ಹೇಳುತ್ತಾರೆ. "ಇಷ್ಟು ಕೂದಲು ಸೀಳುವುದೇಕೆ, ಕೊಯ್ದು ಹಾಕಿದರೆ ಮುಗಿಯಿತಲ್ಲ" ಎನ್ನುವ ವೈದ್ಯಮಿತ್ರರು ನಮಗೂ ಇದ್ದಾರೆ. ಅವರ ಮಾತನ್ನು ನಾವು ಒಪ್ಪಲಾರೆವು.

ಮೈಕ್ರೋಸಿಸ್ಟಿಕ್ ಅಡ್‌ನೆಕ್ಸಲ್ ಕಾರ್ಸಿನೋಮಾ ಎಂಬ ರೋಗವನ್ನೇ ತೆಗೆದುಕೊಳ್ಳೋಣ. ತುಟಿಯ ಸುತ್ತ, ಕೆನ್ನೆಯ ಮೇಲೆ ನಿಧಾನವಾಗಿ ಬೆಳೆಯುವ ಒಂದು ಗಟ್ಟಿ ಕಲೆ ಅದು. 1982ರವರೆಗೆ ಅದಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. ಮೇಲ್ಪದರವನ್ನಷ್ಟೇ ಕೆರೆದು ಪರೀಕ್ಷೆಗೆ ಕಳುಹಿಸಿದರೆ ಅದು ಸಿರಿಂಗೋಮಾದಂತೆಯೇ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವವರು "ನಿರುಪದ್ರವಿ" ಎಂದು ಬರೆದರೆ ತಪ್ಪು ಅವರದಲ್ಲ, ತುಣುಕೇ ಆಳವಾಗಿರಲಿಲ್ಲ. ರೋಗವಾದರೋ ಒಳಗೆ ನರಗಳ ಜಾಡು ಹಿಡಿದು, ಹೊರಗೆ ಕಾಣುವುದಕ್ಕಿಂತ ಬಹಳ ದೂರ ಹರಡಿರುತ್ತದೆ. ಇನ್ನೂ ಒಂದು ತೊಡಕುಂಟು. ಸ್ತನದ ಅಥವಾ ಶ್ವಾಸಕೋಶದ ಕ್ಯಾನ್ಸರ್ ಚರ್ಮಕ್ಕೆ ಹರಡಿದಾಗಲೂ ಬೆವರುಗ್ರಂಥಿಯ ಕ್ಯಾನ್ಸರಿನ ರೂಪವನ್ನೇ ತಾಳಬಲ್ಲದು. ಪಿ63, ಡಿ2-40 ಎಂಬ ವಿಶೇಷ ಬಣ್ಣಗಾರಿಕೆಗಳು ಇಲ್ಲಿ ನೆರವಾಗುತ್ತವೆ; ಆದರೂ ಎದೆ, ಹೊಟ್ಟೆಗಳನ್ನು ಪರೀಕ್ಷಿಸದೆ ತೀರ್ಮಾನಿಸಬಾರದು. ಎಷ್ಟು ಅಗಲ ಕೊಯ್ಯಬೇಕು, ದುಗ್ಧಗ್ರಂಥಿಗಳನ್ನು ನೋಡಬೇಕೇ ಬೇಡವೇ ಎಂಬುದೆಲ್ಲ ಹೆಸರಿನ ಮೇಲೆಯೇ ನಿಂತಿದೆ. ಪೋರೋಕಾರ್ಸಿನೋಮಾ ಹಲವು ವರದಿಗಳಲ್ಲಿ ಐವರಲ್ಲಿ ಒಬ್ಬರಷ್ಟು ಜನರಿಗೆ ದುಗ್ಧಗ್ರಂಥಿಗಳಿಗೆ ಹರಡಿದೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ದೇಹದಿಂದ ತೆಗೆದ ಯಾವ ಗಂಟೇ ಇರಲಿ, "ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಾ" ಎಂದು ಕೇಳಿರಿ. ತುಣುಕು ಶೇಕಡಾ 10ರ ಫಾರ್ಮಾಲಿನ್ ದ್ರಾವಣದಲ್ಲಿ ಹೋಗಬೇಕು, ನೀರಿನಲ್ಲಿಟ್ಟರೆ ಕೊಳೆಯುತ್ತದೆ. ಗಂಟು ಎಲ್ಲಿತ್ತು, ಎಷ್ಟು ವರ್ಷದ್ದು, ಹಿಂದೆ ಎಷ್ಟು ಸಲ ತೆಗೆದಿದೆ ಎಂಬುದನ್ನು ಚೀಟಿಯಲ್ಲಿ ಬರೆಸಿರಿ. ಆ ಎರಡು ಸಾಲು ಇಲ್ಲದೆ ಪರೀಕ್ಷಕರು ಅರ್ಧ ಕುರುಡರು. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಲಿ, ಹುಬ್ಬಳ್ಳಿಯ ಕಿಮ್ಸ್ ಆಗಲಿ ರೋಣ, ಗಜೇಂದ್ರಗಡದವರಿಗೆ ದೂರದ ಮಾತಲ್ಲ. ಅಲ್ಲಿಯೂ ಸಂಶಯ ಉಳಿದರೆ ಮೇಣದಲ್ಲಿ ಹುದುಗಿಸಿದ ತುಣುಕನ್ನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಒಯ್ದು ಎರಡನೆಯ ಅಭಿಪ್ರಾಯ ಪಡೆಯಬಹುದು. ಮೇಣದ ಆ ತುಣುಕು ವರ್ಷಗಟ್ಟಲೆ ಕೆಡದು.

ವರದಿ ಬರೆಯುವ ವೈದ್ಯರಿಗೂ ಒಂದು ಮಾತು. ಉದ್ದುದ್ದ ಹೆಸರಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಿದರೆ ಯಾರ ವಿದ್ವತ್ತೂ ಕುಂದದು: ಇದು ಕ್ಯಾನ್ಸರೇ ಅಲ್ಲವೇ; ಅಂಚಿನವರೆಗೆ ಪೂರ್ತಿ ತೆಗೆಯಲಾಗಿದೆಯೇ ಇಲ್ಲವೇ.

ಕಿಸುಕಾಡು ನಾಡನ್ನಾಳಿದ ಅಕ್ಕಾದೇವಿಯ ವಿಷಯ ಸೂಡಿಯ ಶಾಸನಗಳಿಂದ ಇಂದಿಗೂ ತಿಳಿಯುತ್ತದೆ. ಆ ಕಲ್ಲುಗಳನ್ನು ಒಡೆದು ಮನೆಯ ಪಾಯಕ್ಕೆ ಹಾಕಿದ್ದರೆ ಓದುವವರು ಏನನ್ನು ಓದಬೇಕಿತ್ತು? ಆ ತಾಯಿಯ ಮೊದಲ ಎರಡು ತುಣುಕುಗಳ ಗತಿ ಹಾಗಾಯಿತು. ಅಂದು ಅದು ಬರಿಯ ಪೋರೋಮಾ ಆಗಿತ್ತೋ, ಆಗಲೇ ಕ್ಯಾನ್ಸರ್ ಆಗಿತ್ತೋ ಯಾರೂ ಹೇಳಲಾರರು. ಅಂಗಾಲಿಗೂ ತೊಡೆಸಂದಿಗೂ ಶಸ್ತ್ರಚಿಕಿತ್ಸೆಯಾಗಿ ಆಕೆ ಮನೆಗೆ ಬಂದಿದ್ದಾರೆ. ಕಾಲು ಬಾತುಕೊಳ್ಳುವುದರಿಂದ ಹೊಲಕ್ಕೆ ಹೋಗುವುದು ನಿಂತಿದೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ.