ಡ್ರೈವರಿಗೆ ಪಾಠವಾಯಿತು, ಮಾಲೀಕರಿಗೆ?

ಕಂಪೆನಿಗಳಲ್ಲಿ ಈಗೊಂದು ಹೊಸ ವಾಡಿಕೆ ಹುಟ್ಟಿದೆ. ವರ್ಷಕ್ಕೊಂದು ದಿನ ತಮ್ಮ ಡ್ರೈವರುಗಳನ್ನೆಲ್ಲ ಒಂದು ಹಾಲಿನಲ್ಲಿ ಕೂಡಿಸುತ್ತಾರೆ. 'ಉನ್ನತ ಚಾಲನಾ ತರಬೇತಿ' ಎಂದು ಬಟ್ಟೆಯ ಬೋರ್ಡು ಕಟ್ಟುತ್ತಾರೆ. ಬೆಂಗಳೂರಿನಿಂದ ಬಂದವರೊಬ್ಬರು ಉಪನ್ಯಾಸ ಮಾಡುತ್ತಾರೆ. ಉಪ್ಪಿಟ್ಟು, ಕಾಫಿ, ಸರ್ಟಿಫಿಕೇಟು, ಫೋಟೊ. ಸಂಜೆಗೆ ಅದೇ ಡ್ರೈವರಿಗೆ ಲೋಡು ಸಿದ್ಧವಾಗಿರುತ್ತದೆ. ಬೆಳಗಿನ ಜಾವದೊಳಗೆ ಬೆಂಗಳೂರು ಮುಟ್ಟಬೇಕು. 'ನಿದ್ದೆಗೆಟ್ಟು ಗಾಡಿ ಓಡಿಸಬಾರದು' ಎಂಬ ಬೋಧನೆಯನ್ನು ಹಗಲೆಲ್ಲ ಕೂತು ಕೇಳಿದವನು ರಾತ್ರಿಯೆಲ್ಲ ನಿದ್ದೆಗೆಟ್ಟು ಗಾಡಿ ಓಡಿಸುತ್ತಾನೆ.

ತರಬೇತಿಯೇ ಬೇಡವೆಂದು ನಾವು ಹೇಳುವವರಲ್ಲ. ಬೇಕು, ಈಗಿರುವುದಕ್ಕಿಂತ ಹತ್ತರಷ್ಟು ಬೇಕು. 2022ನೇ ಇಸವಿಯೊಂದರಲ್ಲೇ ಈ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ದಿನವೊಂದಕ್ಕೆ 460ಕ್ಕೂ ಮಿಕ್ಕು. ಸತ್ತವರಲ್ಲಿ ನೂರಕ್ಕೆ 44 ಮಂದಿಗೂ ಹೆಚ್ಚು ದ್ವಿಚಕ್ರ ವಾಹನಗಳ ಮೇಲಿದ್ದವರು. ಎಂದರೆ ಯಾರು? ರಾತ್ರಿ ಪಾಳಿ ಮುಗಿಸಿ ಗಿರಣಿಯಿಂದ ಬೈಕಿನಲ್ಲಿ ಮನೆಗೆ ಬರುವವರು, ಸಂತೆಯ ಮಾಲನ್ನು ಸ್ಕೂಟರಿಗೆ ಬಿಗಿದುಕೊಂಡು ಹೋಗುವವರು. ಕಾರಿನವರಿಗೂ ಲಾರಿಯವರಿಗೂ ಯಾರು ಏನು ಕಲಿಸುತ್ತಾರೆ ಎಂಬುದು ನಮಗೆ ಸಂಬಂಧಿಸಿದ್ದಲ್ಲವೆಂದು ನಮ್ಮ ಓದುಗರು ಪುಟ ಮಗುಚಬಾರದು.

ಈ ಉನ್ನತ ತರಬೇತಿ ಎಂಬುದು ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಪೋಲೀಸ್ ಗಾಡಿಗಳೇ ಮಿತಿಮೀರಿ ಅಪಘಾತಕ್ಕೆ ಸಿಲುಕುತ್ತಿದ್ದುದರಿಂದ ಲಂಡನ್ನಿನ ಪೋಲೀಸು 1930ರ ದಶಕದಲ್ಲಿ ಹೆಂಡನ್ ಎಂಬಲ್ಲಿ ತನ್ನ ಡ್ರೈವರುಗಳಿಗಾಗಿ ಶಾಲೆ ತೆರೆಯಿತು. ಅಲ್ಲಿ ಪಾಠದ ಕ್ರಮವನ್ನು ರೂಪಿಸಲು ಸಲಹೆಗಾರನಾಗಿ ಬಂದ ಕಾಟೆನ್‌ಹ್ಯಾಮ್ ಪ್ರಭು ರೇಸ್ ಕಾರು ಓಡಿಸಿದ್ದವನು. ವೇಗದ ರುಚಿ ಕಂಡವನೇ ಸಮಾಧಾನದ ಪಾಠಕ್ಕೆ ಗುರುವಾದದ್ದು ತಮಾಷೆಯೇ ಸರಿ! ಪೋಲೀಸರ ಆ ಪಾಠಗಳು 1955ರಲ್ಲಿ 'ರೋಡ್‌ಕ್ರಾಫ್ಟ್' ಎಂಬ ಪುಸ್ತಕವಾಗಿ ಜನರ ಕೈಗೂ ಬಂದವು. ಮರುವರ್ಷ, 1956ರಲ್ಲಿ, ಸ್ವಂತ ಕಾರಿನವರಿಗೆ ಮೇಲ್ಮಟ್ಟದ ಪರೀಕ್ಷೆ ನಡೆಸುವ ಒಂದು ಸಂಸ್ಥೆಯೇ ಅಲ್ಲಿ ಹುಟ್ಟಿಕೊಂಡಿತು. ಲೈಸೆನ್ಸು ಸಿಕ್ಕಿದ ಮೇಲೂ ಕಲಿಯುವುದಿದೆ ಎಂದು ಒಪ್ಪಿಕೊಂಡವರು ಅವರು. ನಮ್ಮಲ್ಲಿ ಲೈಸೆನ್ಸು ಸಿಕ್ಕಿದ ದಿನ ಪೇಡ ಹಂಚಿದರೆ ವಿದ್ಯೆ ಪೂರ್ತಿಯಾದಂತೆ.

ಆ ಪಾಠದಲ್ಲಿ ಸರ್ಕಸ್ಸು ಏನೂ ಇಲ್ಲ. ಮೊದಲು ಕಣ್ಣು, ಆಮೇಲೆ ಕೈಕಾಲು. ಮುಂದೆ ಏನಿದೆ, ಹಿಂದೆ ಯಾರಿದ್ದಾರೆ ಎಂದು ನೋಡಿಕೊಳ್ಳುವುದು. ರಸ್ತೆಯಲ್ಲಿ ತನ್ನ ಜಾಗ ಹಿಡಿಯುವುದು. ವೇಗವನ್ನು ಅದಕ್ಕೆ ತಕ್ಕಂತೆ ಇಳಿಸುವುದು. ಆ ವೇಗಕ್ಕೆ ಸರಿಯಾದ ಗೇರು ಹಾಕುವುದು. ಕಡೆಗೆ ಆಕ್ಸಿಲರೇಟರ್ ತುಳಿಯುವುದು. ಕ್ರಮ ತಪ್ಪಬಾರದು. ಕಲಿಯುವವನು ಗಾಡಿ ಓಡಿಸುತ್ತಲೇ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕೆಂಬುದು ಇನ್ನೊಂದು ಅಭ್ಯಾಸ. 'ಎಡಗಡೆ ಬಸ್ ನಿಂತಿದೆ, ಅದರ ಮುಂದಿನಿಂದ ಮಗು ಓಡಿ ಬಂದೀತು, ಕಾಲು ಬ್ರೇಕಿನ ಮೇಲೆ' ಹೀಗೆ. ಬಾಯಿ ಸುಮ್ಮನಾದರೆ ಕಣ್ಣೂ ಸುಮ್ಮನಾಯಿತೆಂದು ಕಲಿಸುವವನಿಗೆ ಗೊತ್ತಾಗುತ್ತದೆ. ಮಗ್ಗಿ ಗಟ್ಟಿಯಾಗಿ ಹೇಳಿಸುತ್ತಿದ್ದ ನಮಗೆ ಈ ಉಪಾಯ ಬಹಳ ಹಿಡಿಸಿದೆ. ಬೈಕಿನವರೂ ನಾಳೆಯೇ ಮಾಡಿ ನೋಡಬಹುದು, ಕಾಸು ಖರ್ಚಿಲ್ಲ.

ಎಲ್ಲಕ್ಕೂ ಮೂಲವಾದ ಸೂತ್ರ ಒಂದೇ: ಕಣ್ಣಿಗೆ ಖಾಲಿಯೆಂದು ಕಾಣುವಷ್ಟು ರಸ್ತೆಯೊಳಗೆ ಗಾಡಿ ನಿಲ್ಲಿಸಲು ಸಾಧ್ಯವಾಗುವಂಥ ವೇಗದಲ್ಲಿಯೇ ಹೋಗಬೇಕು. ಇದನ್ನು ಹಲಗೆಯ ಮೇಲೆ ಲೆಕ್ಕ ಮಾಡೋಣ. 80 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 22 ಮೀಟರು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡು, 22 ಮೀಟರು, ಕಳೆದುಹೋಯಿತು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿರುವ ಕಾರು ನಿಲ್ಲಲು ಇನ್ನೂ 35 ಮೀಟರು ಬೇಕು. ಒಟ್ಟು 57. ಲೋಡು ತುಂಬಿದ ಲಾರಿಗೆ ಇದು ಸಾಲದು. ಮಳೆ ಬಂದಿದ್ದರೆ ಯಾರಿಗೂ ಸಾಲದು. ಎದುರಿನವರಿಗಾಗಿ ಕೆಳಗಿಳಿಸಿದ ದೀಪ ಎಷ್ಟು ದೂರ ತೋರಿಸುತ್ತದೆ? ನಲವತ್ತೈವತ್ತು ಮೀಟರು. ಆ ಕತ್ತಲೆಯಲ್ಲಿ ಹಿಂದೀಪವಿಲ್ಲದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಟ್ರೇಲರು ನಿಂತಿದ್ದರೆ ಎಷ್ಟು ಸರ್ಟಿಫಿಕೇಟು ಇದ್ದರೇನು? ವೇಗ ಅರ್ಧವಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ಕಾಲು ಭಾಗಕ್ಕಿಳಿಯುತ್ತದೆ. ಲೆಕ್ಕ ಡ್ರೈವರಿಗೆ ತಿಳಿಯದ್ದಲ್ಲ.

ತಿಳಿದೂ ಏಕೆ ಓಡಿಸುತ್ತಾನೆ? ಅದಕ್ಕೂ ಒಂದು ಲೆಕ್ಕವಿದೆ. ಹಿಂದೆ 4 ಎಂದೂ ಈಗ 48 ಎಂದೂ ನಂಬರು ಹೊತ್ತ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ಲೋಡು ಮುಗಿಯುವುದು ರಾತ್ರಿ 11ಕ್ಕೆ, ಮಾಲು ಯಾರ್ಡಿನಲ್ಲಿ ಇಳಿಯಬೇಕಾದ್ದು ಬೆಳಗಿನ 4ಕ್ಕೆ. ಐದು ಗಂಟೆಯಲ್ಲಿ ಅರ್ಧ ಗಂಟೆಯನ್ನು ಟೋಲಿಗೂ ಚಹಾಕ್ಕೂ ತೆಗೆಯಿರಿ. ಉಳಿದ ನಾಲ್ಕೂವರೆ ಗಂಟೆಯಲ್ಲಿ ಗಂಟೆಗೆ 58ರ ಸರಾಸರಿ ಬರಬೇಕು. ಲೋಡು ಲಾರಿಗೆ ಅಷ್ಟು ಸರಾಸರಿ ಬರಬೇಕಾದರೆ ರಸ್ತೆ ಖಾಲಿ ಸಿಕ್ಕಲ್ಲೆಲ್ಲ 80ರ ಹತ್ತಿರ ಓಡಿಸಲೇಬೇಕು. ಈ ವೇಗವನ್ನು ತೀರ್ಮಾನಿಸಿದವರು ಯಾರು? ಡ್ರೈವರಲ್ಲ. 'ನಾಲ್ಕಕ್ಕೆ ಅಲ್ಲಿರಬೇಕು' ಎಂದು ಫೋನಿನಲ್ಲಿ ಹೇಳಿದವರು. ಅವರು ಯಾವ ತರಬೇತಿಗೂ ಕೂತವರಲ್ಲ.

ತರಬೇತಿಯೊಂದರಿಂದಲೇ ಎಲ್ಲ ಸರಿಹೋಗುತ್ತದೆಂಬ ಮಾತನ್ನು ವಿದ್ವಾಂಸರೂ ಒಪ್ಪುತ್ತಿಲ್ಲ. ಲೈಸೆನ್ಸು ಪಡೆದವರಿಗೆ ಮತ್ತೆ ಪಾಠ ಹೇಳಿದ 24 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯವರ ವರದಿಯೊಂದು 2003ರಲ್ಲಿ ಹೊರಬಂತು. ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕದವು. ಈ ಪಾಠದಿಂದ ಅಪಘಾತವಾಗಲಿ ಗಾಯವಾಗಲಿ ಕಡಮೆಯಾಗುವುದಕ್ಕೆ ಪುರಾವೆ ಕಾಣಲಿಲ್ಲವೆಂದೇ ಅವರ ತೀರ್ಮಾನ. ನಾರ್ವೆ ದೇಶದಲ್ಲಿ ಜಾರುವ ರಸ್ತೆಯಲ್ಲಿ ಗಾಡಿಯನ್ನು ಹಿಡಿತಕ್ಕೆ ತರುವ ಕೌಶಲ ಕಲಿಸಿದ ಮೇಲೆ ತರುಣ ಗಂಡಸರ ಅಪಘಾತ ಇಳಿಯಲಿಲ್ಲ, ಏರಿತು! ತಾನು ಬಲ್ಲೆನೆಂಬ ಧೈರ್ಯ ಬಂದವನು ಇನ್ನಷ್ಟು ಒತ್ತಿದ. ಮಾಲೀಕರ ತರಬೇತಿಗಳಲ್ಲಿ ಇಂಥ ಕಸರತ್ತನ್ನೇ ತೋರಿಸಿ ಚಪ್ಪಾಳೆ ಗಿಟ್ಟಿಸುವವರು ಇದನ್ನು ಗಮನಿಸಬೇಕು.

ಆದರೆ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದದ್ದು ಸ್ವೀಡನ್ನಿನ ಒಂದು ಪ್ರಯೋಗ. ಅಲ್ಲಿಯ ಟೆಲಿಫೋನ್ ಸಂಸ್ಥೆ ತನ್ನ ಗಾಡಿ ಓಡಿಸುವ ನೌಕರರನ್ನು ತಲಾ ಸುಮಾರು 900 ಜನರ ಗುಂಪುಗಳಾಗಿ ಮಾಡಿತು. ಒಂದಕ್ಕೆ ಚಾಲನೆಯ ತರಬೇತಿ. ಒಂದಕ್ಕೆ ಪ್ರಚಾರದ ಪತ್ರಗಳು. ಒಂದಕ್ಕೆ ಅಪಘಾತ ಮಾಡದಿದ್ದರೆ ಬೋನಸ್ಸು. ಇನ್ನೊಂದಕ್ಕೆ ಬೋಧನೆಯೂ ಇಲ್ಲ, ಬಹುಮಾನವೂ ಇಲ್ಲ. ಡ್ರೈವರುಗಳೇ ಸಣ್ಣ ಸಣ್ಣ ಸಭೆಗಳಲ್ಲಿ ಕೂತು, ತಮಗೆ ರಸ್ತೆಯಲ್ಲಿ ಒದಗುವ ಅಪಾಯಗಳೇನು, ಅದಕ್ಕೆ ತಾವು ಏನು ಮಾಡುತ್ತೇವೆ ಎಂದು ಮಾತಾಡಿ ನಿಶ್ಚಯಿಸಬೇಕು, ಅಷ್ಟೆ. ಯಾವ ಗುಂಪಿಗೂ ಏನೂ ಮಾಡದೆ ಬಿಟ್ಟವರ ಜೊತೆ ಹೋಲಿಸಿ ನೋಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎಲ್ಲರಿಗಿಂತ ಹೆಚ್ಚಿನ ಸುಧಾರಣೆ ಕಂಡದ್ದು ಕೂತು ಮಾತಾಡಿದವರಲ್ಲಿ. ಬೋನಸ್ಸಿನವರಲ್ಲೂ ಅಲ್ಲ, ತರಬೇತಿಯವರಲ್ಲೂ ಅಲ್ಲ. ಕೆಲಸದ ವಿಷಯದಲ್ಲಿ ಕೆಲಸಗಾರನ ಬಾಯಿಗೂ ಬೆಲೆಯುಂಟೆಂದು ನಾವು ಗಿರಣಿ ಬಾಗಿಲಲ್ಲಿ ಹೇಳುತ್ತ ಬಂದಿದ್ದೇವೆ. ಅದನ್ನು ಒಂದು ದೊಡ್ಡ ಸಂಸ್ಥೆ ಲೆಕ್ಕ ಹಾಕಿ ಕಂಡುಕೊಂಡಿತಲ್ಲ ಎಂದು ಸಂತೋಷ.

ನಮ್ಮ ದೇಶದ ಕಾನೂನಿನ ಕಡೆ ನೋಡಿ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಕಾರು ಕಲಿಯುವವನಿಗೆ 29 ಗಂಟೆ, ಭಾರಿ ವಾಹನದವನಿಗೆ 38 ಗಂಟೆ. ಕಾರಿಗೂ ಲಾರಿಗೂ ನಡುವೆ ಒಂಬತ್ತೇ ಗಂಟೆಯ ಅಂತರ! ದರ್ಜಿಯ ಅಂಗಡಿಯಲ್ಲಿ ಕಾಜ ಹೊಲಿಯಲು ಕಲಿಯುವ ಹುಡುಗ ಇದಕ್ಕಿಂತ ಹೆಚ್ಚು ಹೊತ್ತು ಕೂರುತ್ತಾನೆ. ಅಪಾಯದ ಮಾಲು ಸಾಗಿಸುವ ಟ್ಯಾಂಕರಿನವರಿಗೆ ಮಾತ್ರ ಬೇರೆಯಾಗಿ 3 ದಿನದ ತರಬೇತಿ ಕಡ್ಡಾಯ. ಸಿಮೆಂಟು ಹೇರಿದ ಲಾರಿ ಅಪಾಯವಲ್ಲವೆಂದು ಯಾರು ಹೇಳಿದರು?

ಇನ್ನು ದುಡಿಮೆಯ ಹೊತ್ತಿನ ಕಾನೂನು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತ್ತು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತ್ತು. ಎಷ್ಟು ಕಡೆ ಪಾಲಿಸಿದರೆಂದು ಯಾವ ಲಾರಿ ಸ್ಟ್ಯಾಂಡಿನಲ್ಲಾದರೂ ಕೇಳಿ, ನಗುತ್ತಾರೆ. ಆದರೂ 5 ಜನ ಕೆಲಸಗಾರರಿದ್ದ ಸಾರಿಗೆ ಸಂಸ್ಥೆಗೂ ಅದು ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಹೊಸ ಸಂಹಿತೆಯಲ್ಲಿ 5 ಎಂಬುದು 10 ಆಗಿದೆ. ಎಂಟು ಡ್ರೈವರು, ಕ್ಲೀನರುಗಳನ್ನಿಟ್ಟುಕೊಂಡ ಮಾಲೀಕ ಹಿಂದೆ ಕಾನೂನಿನ ಒಳಗಿದ್ದ, ಈಗ ಹೊರಗಿದ್ದಾನೆ. ಇದಕ್ಕೆ ಸುಧಾರಣೆಯೆಂದು ಹೆಸರು.

ಶಿಕ್ಷೆಯ ವಿಷಯದಲ್ಲಿ ಮಾತ್ರ ಸರಕಾರದ ಕೈ ಧಾರಾಳ. ಅಜಾಗರೂಕತೆಯಿಂದಾದ ಸಾವಿಗೆ ಹಳೆಯ ದಂಡಸಂಹಿತೆಯಲ್ಲಿ 2 ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷಕ್ಕೆ ಏರಿದೆ. ಗುದ್ದಿ, ತಿಳಿಸದೆ ಓಡಿಹೋದವನಿಗೆ 10 ವರ್ಷದವರೆಗೆ ಎಂಬ ಉಪಕಲಮನ್ನೂ ಬರೆದಿದ್ದರು. ಆ ವರ್ಷದ ಜನವರಿಯಲ್ಲಿ ದೇಶದ ಲಾರಿ ಡ್ರೈವರುಗಳು ಗಾಡಿ ನಿಲ್ಲಿಸಿ ಕೂತದ್ದರಿಂದ, ಜುಲೈಯಲ್ಲಿ ಸಂಹಿತೆ ಬಂದಾಗ ಆ ಒಂದು ಉಪಕಲಮನ್ನು ಜಾರಿಗೆ ತರದೆ ಬಿಟ್ಟರು. ಗಾಯಗೊಂಡವನನ್ನು ಬಿಟ್ಟು ಓಡುವುದನ್ನು ನಾವು ಸಮರ್ಥಿಸುವುದಿಲ್ಲ. ಜನ ಹೊಡೆದು ಕೊಲ್ಲುತ್ತಾರೆಂಬ ಭಯವೂ ಸುಳ್ಳಲ್ಲ. ನಮ್ಮ ಪ್ರಶ್ನೆ ಬೇರೆ: ನಾಲ್ಕು ಗಂಟೆಗೆ ಮುಟ್ಟಬೇಕೆಂದು ಆಜ್ಞೆ ಮಾಡಿದವನು ಕಟಕಟೆಗೆ ಏಕೆ ಬರುವುದಿಲ್ಲ? ಇಂಗ್ಲೆಂಡಿನಲ್ಲಿ ಬಂದಿದ್ದಾನೆ. ಮಿತಿಮೀರಿ ದುಡಿದು ನಿದ್ದೆಹೋದ ಲಾರಿ ಡ್ರೈವರನಿಂದ ಸಾವುಗಳಾದ ಪ್ರಕರಣದಲ್ಲಿ ಸಾಗಣೆ ಕಂಪೆನಿಯ ನಿರ್ದೇಶಕನಿಗೇ 2004ರಲ್ಲಿ ನಾರ್ಥಾಂಪ್ಟನ್ ನ್ಯಾಯಾಲಯ 7 ವರ್ಷ ಸಜೆ ಕೊಟ್ಟಿತು. ಆ ಡ್ರೈವರೂ ಅಪಘಾತದಲ್ಲಿ ಸತ್ತಿದ್ದ.

ಇಷ್ಟು ಹೇಳಿ ದೊಡ್ಡ ಕಂಪೆನಿಗಳನ್ನಷ್ಟೇ ಬೈದು ಮುಗಿಸಿದರೆ ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ಬಹಳ ಹಿತವಾದೀತು. ಅಂಗಡಿ ಬಂಧುಗಳೇ, ನಿಮ್ಮಲ್ಲೂ ಒಂದೊಂದು ಟಾಟಾ ಏಸ್ ಇದೆ, ಅದಕ್ಕೊಬ್ಬ ಹುಡುಗನಿದ್ದಾನೆ. ಹಗಲು ಅಂಗಡಿಯಲ್ಲಿ ಮೂಟೆ ಎತ್ತುವವನೂ ಅವನೇ, ರಾತ್ರಿ ಬ್ಯಾಡಗಿಯಿಂದ ಮೆಣಸಿನಕಾಯಿ ತರುವವನೂ ಅವನೇ. ಗಾಡಿಯ ಮಿತಿಯ ಒಂದೂವರೆಯಷ್ಟು ತುಂಬಿಸಿ, 'ಹುಷಾರಾಗಿ ಬಾರಪ್ಪ' ಎನ್ನುತ್ತೀರಿ. ಹತ್ತು ಗಂಟೆಗೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ 'ಎಲ್ಲಿದ್ದೀಯೊ' ಎಂದು ಫೋನು ಮಾಡುತ್ತೀರಿ. ಅವನು ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದರಲ್ಲಿ ಉತ್ತರ ಕೊಡುತ್ತಾನೆ. ಎತ್ತದಿದ್ದರೆ ನಾಳೆ ಬೈಸಿಕೊಳ್ಳಬೇಕು. ನಿಮ್ಮ ಮೇಲೂ ಸಾಲವಿದೆ, ದೊಡ್ಡವರ ಪೈಪೋಟಿಯಿದೆ, ನಮಗೆ ಗೊತ್ತು. ಆದರೆ ಆ ಹುಡುಗನ ಪಾಲಿಗೆ ಕಂಪೆನಿಯೆಂದರೆ ನೀವೇ.

ಆದುದರಿಂದ ನಮ್ಮ ಬೇಡಿಕೆಗಳು ದೊಡ್ಡವರಿಗೂ ಚಿಕ್ಕವರಿಗೂ ಒಂದೇ. ತರಬೇತಿ ಸಂಬಳದ ದಿನದಲ್ಲಿ ನಡೆಯಲಿ, ರಜೆಯ ದಿನದಲ್ಲಲ್ಲ. ಅಂದು ರಾತ್ರಿ ಆ ಡ್ರೈವರಿಗೆ ಪ್ರಯಾಣ ಬೇಡ. ಗಾಡಿ ಹಂಚುವ ಮೇನೇಜರೂ ಪಾಠಕ್ಕೆ ಕೂರಲಿ. ತಿಂಗಳಿಗೊಮ್ಮೆ ಡ್ರೈವರುಗಳ ಸಭೆ ಸೇರಲಿ, ಮೇಲಿನವರು ಬಾಯಿ ಮುಚ್ಚಿ ಕೇಳಲಿ. ಯಾವ ಟಯರು ಸವೆದಿದೆ, ಯಾವ ತಿರುವಿನಲ್ಲಿ ದೀಪವಿಲ್ಲ, ಯಾವ ಪ್ರಯಾಣಕ್ಕೆ ಹೊತ್ತು ಸಾಲದು ಎಂಬುದನ್ನು ಹೇಳಿದವನ ಕೆಲಸ ಹೋಗಕೂಡದು. ಗಿರಣಿಗಳಿಗೆ ಪಾಳಿಯ ಜನರನ್ನು ಹೊತ್ತು ತರುವ ವ್ಯಾನುಗಳ ವಿಷಯದಲ್ಲಿ ಗಿರಣಿ ಸಂಘಗಳೇ ಇದನ್ನು ಮೊದಲು ಎತ್ತಬೇಕು. ಆ ವ್ಯಾನಿನಲ್ಲಿ ಕೂರುವವರು ನಾವೇ.

ಅಂಗಡಿಯವರಿಗೆ ಇನ್ನೂ ಸುಲಭ. ಗೋಡೆಗೆ ಒಂದು ಹಾಳೆ ಅಂಟಿಸಿದರೆ ಸಾಕು. ಗಾಡಿ ನಂಬರು, ಹೇರಿದ ತೂಕ, ಡ್ರೈವರು ನಿನ್ನೆ ಎಷ್ಟು ಗಂಟೆ ಮಲಗಿದ್ದ, ಹೊರಡುವ ಹೊತ್ತು, ಮುಟ್ಟುವ ಹೊತ್ತು. ಕೊನೆಯ ಮನೆಯನ್ನು ಅಂಗಡಿಯವರು ತುಂಬಬಾರದು, ಡ್ರೈವರು ತುಂಬಲಿ. ಮಾದರಿ ಹಾಳೆಗಳನ್ನು ಅಚ್ಚುಹಾಕಿಸಿ ನಮ್ಮ ಕಚೇರಿಯಲ್ಲಿ ಇಟ್ಟಿದ್ದೇವೆ. ಸಂಜೆ ಆರರ ಮೇಲೆ ಬಂದರೆ ಎಷ್ಟು ಬೇಕಾದರೂ ಒಯ್ಯಬಹುದು.